ಬಾ ಎನ್ನದ ಊರು

ಆ ಊರಿನ ಕೋಟೆ ಬಾಗಿಲಿಗೆ ಬೀಗವಿರಲಿಲ್ಲ, ಅಗುಳಿಯಿರಲಿಲ್ಲ. ಅದಕ್ಕೆ ಕಿವಿಯಿತ್ತು. ಮನೆಯಿಂದ ಹೊರಟವನು ‘ಬರ್ತೀನಿ’ ಅನ್ನಬೇಕು, ಮನೆಯವರೊಬ್ಬರು ಹೊಸಿಲ ಮೇಲೆ ನಿಂತು ‘ಹೋಗಿ ಬಾ’ ಅನ್ನಬೇಕು. ಆಗ ಬಾಗಿಲು ತೆರೆಯುತ್ತಿತ್ತು. ಮರಳಿದವನನ್ನು ಒಳಗಿನಿಂದ ಯಾರಾದರೂ ‘ಬಾ’ ಎಂದು ಕರೆಯಬೇಕು. ಆಗ ಮತ್ತೆ ತೆರೆಯುತ್ತಿತ್ತು. ಕರೆದವರ ನಂಟನಾಗಿಯೇ ಒಳಗೆ ಕಾಲಿಡಬೇಕು. ಮಗನೇ ಬಾ ಎಂದರೆ ಮಗ, ಸೊಸೆಯೇ ಬಾ ಎಂದರೆ ಸೊಸೆ. ನಿನ್ನೆಯ ತನಕ ಎಲ್ಲಿಯವಳೋ ಆಗಿದ್ದ ಹುಡುಗಿ ಆ ಒಂದು ಮಾತಿನಿಂದ ಆ ಮನೆಯವಳಾಗುತ್ತಿದ್ದಳು. ಆಮೇಲೆ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

‘ಬಾ’ ಎಂಬ ಮಾತು ಹೊರಟವನ ಕಾಲಿಗೆ ಅಂಟಿಕೊಂಡು ಹೋಗುತ್ತಿತ್ತು. ಎಷ್ಟು ದೂರ ಹೋಗಿರಲಿ, ಹೊತ್ತು ಮುಳುಗುವಾಗ ಅವನ ಕಾಲು ತಾನಾಗಿ ಮನೆಯ ಕಡೆ ತಿರುಗುತ್ತಿತ್ತು.

‘ಹೋಗು’ ಎಂಬ ಒಂಟಿ ಮಾತಿಗೂ ಬಾಗಿಲು ತೆರೆಯುತ್ತಿತ್ತು. ಆದರೆ ಅದನ್ನು ಒಬ್ಬರಿಗೆ ಒಂದೇ ಸಲ ಹೇಳುವುದು, ಅಂಗಳದಿಂದ ಹೆಣ ಎತ್ತುವಾಗ. ಹೇಳಿದ ಮೇಲೆ ಹೊಸಿಲು ತೊಳೆದು, ತಲೆಗೆ ನೀರು ಹಾಕಿಕೊಂಡು, ಆ ಹೆಸರನ್ನು ನಾಲಗೆಯಿಂದ ಇಳಿಸಿಬಿಡುತ್ತಿದ್ದರು. ಎಂಥ ಜಗಳದಲ್ಲೂ ಆ ಊರಿನವರು ‘ತೊಲಗು’ ಅನ್ನುತ್ತಿದ್ದರು, ‘ನಿನ್ನ ಮುಖಕ್ಕಿಷ್ಟು’ ಅನ್ನುತ್ತಿದ್ದರು, ‘ಹೋಗು’ ಅನ್ನುತ್ತಿರಲಿಲ್ಲ. ಹಾಲು ಕುಡಿದ ಬೆಕ್ಕಿಗೂ ಅನ್ನುತ್ತಿರಲಿಲ್ಲ.

ಅಂಥ ಊರಿನ ಬಾಯಿಗೆ ಆ ಮಾತನ್ನು ತುರುಕಿದವರ ಕಥೆ ಇದು. ಹೇಳುವಾಗ ನನ್ನ ದನಿ ಏರಿದರೆ ತಡೆದುಕೊಳ್ಳಿ.

ಊರ ಮೂಡಲಿಗೆ ಒಂದು ಗುಡ್ಡ. ಬೆಳಗ್ಗೆ ಅದರ ನೆರಳು ಊರ ಮೇಲೆ ಬೀಳುತ್ತಿತ್ತು, ಸಂಜೆ ಆಚೆ ಊರಿನ ಹೊಲಗಳ ಮೇಲೆ. ಆಚೆಯವರು ಸಂಜೆ ಆ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಇದು ದೊರೆಯ ಕಣ್ಣಿಗೆ ಬಿತ್ತು. ಇಷ್ಟು ವರ್ಷ ಬೀಳದ್ದು ಆ ವರ್ಷವೇ ಯಾಕೆ ಬಿತ್ತು ಅಂದರೆ, ಆ ವರ್ಷ ಊರ ಕೆರೆ ಒಡೆದಿತ್ತು. ಒಡೆದ ಕೆರೆಯನ್ನು ನೋಡುವುದಕ್ಕಿಂತ ಗುಡ್ಡವನ್ನು ನೋಡುವುದು ದೊರೆಗೆ ಸುಲಭವಾಗಿತ್ತು.

ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ. “ಗುಡ್ಡ ನಮ್ಮದು! ಗುಡ್ಡದ ನೆರಳೂ ನಮ್ಮದು! ಕದ್ದ ನೆರಳನ್ನ ತರೋದಕ್ಕೆ ದಂಡು ಹೊರಡ್ತದೆ!”

ಊರು ಚಾವಡಿಯ ಮುಂದೆ ಸೇರಿತು. ಒಬ್ಬ ಮುದುಕ ಕೋಲೂರಿಕೊಂಡು ಎದ್ದ. “ನೆರಳು ಸಂಜೆ ಅತ್ತ ಹೋಗ್ತದೆ, ಬೆಳಗ್ಗೆ ಮತ್ತೆ ನಮ್ಮ ತಲೆ ಮೇಲೇ ಬರ್ತದಲ್ಲ ಬುದ್ಧಿ. ಕದ್ದೋರು ಯಾರು?”

“ಆಚೆಯವರ ಉಪ್ಪು ತಿಂದ ಬಾಯಿ ಇದು!” ಎಂದು ಇನ್ನೊಬ್ಬ ಕೂಗಿದ.

“ಸೂರ್ಯನ ಮೇಲೆ ದಂಡು ಕಳಿಸಿ, ನೆರಳು ತಿರುಗಿಸೋನು ಅವನು,” ಎಂದು ಹಿಂದಿನಿಂದ ಯಾರೋ ಅಂದರು. ಕೆಲವರು ನಕ್ಕರು. ನಕ್ಕವರ ಮುಖಗಳನ್ನು ದೊರೆಯ ಆಳುಗಳು ನೋಡಿಟ್ಟುಕೊಂಡರು.

ಆಗ ಅಕ್ಕ ಎದ್ದಳು. ಚಾಪೆ ಹೆಣೆದು ಬದುಕುವವಳು. ಅಪ್ಪ ಅಮ್ಮ ಸತ್ತ ಮೇಲೆ ಒಬ್ಬ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವನು ಅಕ್ಕಾ ಅಕ್ಕಾ ಅನ್ನುವುದನ್ನು ಕೇಳಿ ಕೇಳಿ ಊರೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು.

“ಕೆರೆ ಏರಿ ಕಟ್ಟೋಕೆ ಆಳಿಲ್ಲ ಅಂದ್ರಿ. ದಂಡಿಗೆ ಎಲ್ಲಿಂದ ಬಂದ್ರು?”

ದೊರೆಯ ಪಕ್ಕದಲ್ಲಿ ಕೂತಿದ್ದ ಶಾಸ್ತ್ರದವನು ಉತ್ತರ ಕೊಟ್ಟ. “ಕೆರೆ ಹೊಟ್ಟೆಯ ಮಾತು. ನೆರಳು ಮಾನದ ಮಾತು.”

ಆ ಮಾತಿಗೆ ಚಪ್ಪಾಳೆ ಬಿತ್ತು. ಹೊಟ್ಟೆ ತುಂಬಿದವರೂ ತಟ್ಟಿದರು, ಅವರು ತಟ್ಟುತ್ತಾರೆಂದು ಹಸಿದವರೂ ತಟ್ಟಿದರು. ಅಂದಿನಿಂದ ಊರು ಎರಡಾಯಿತು. ಯುದ್ಧ ಬೇಕೆಂದವರು ನೆರಳಿನವರು, ಬೇಡವೆಂದವರು ಬಿಸಿಲಿನವರು. ಬಿಸಿಲಿನವರ ಜೊತೆ ನೆರಳಿನವರು ನೀರು ಹಂಚಿಕೊಳ್ಳಲಿಲ್ಲ, ಹೆಣ್ಣು ಕೊಡಲಿಲ್ಲ, ಕೊನೆಗೆ ಸೀನಿದರೆ ‘ನೂರು ವರ್ಷ’ ಎಂದು ಹರಸುವುದನ್ನೂ ಬಿಟ್ಟರು.

ಅಕ್ಕ ಬಿಸಿಲಿನವಳು. ತಮ್ಮ ನೆರಳಿನವನು. ಒಂದೇ ಒಲೆಯ ಎರಡು ಪಕ್ಕ ಕೂತು ಇಬ್ಬರೂ ಉರಿಯುತ್ತಿದ್ದರು.

“ನಾಲ್ಕು ಜನರ ಮುಂದೆ ನನ್ನ ತಲೆ ತಗ್ಗಿಸಬೇಡ ಅಕ್ಕಾ.”

“ಆ ನಾಲ್ಕು ಜನ ನಿನಗೆ ಅನ್ನ ಹಾಕಿದ್ರಾ?”

“ಅನ್ನ ಹಾಕ್ದೆ, ಅನ್ನ ಹಾಕ್ದೆ! ಎಷ್ಟು ದಿನ ಹೇಳ್ತೀಯ? ಆಚೆಯವರು ನಮ್ಮ ನೆರಳಲ್ಲಿ ಕೂತು ನಮ್ಮನ್ನೇ ನೋಡಿ ನಗ್ತಾರಂತೆ.”

“ನಕ್ಕಿದ್ದು ನಿನ್ನ ಕಿವಿಗೆ ಬಿತ್ತಾ?”

“ಎಲ್ಲರೂ ಹೇಳ್ತಾರೆ,” ಎಂದ ತಮ್ಮ. ಕೋಣ ಈದಿದೆ ಅಂದರೆ ಕರು ಕಟ್ಟು ಅನ್ನುವ ವಯಸ್ಸು. ಆ ವಯಸ್ಸನ್ನು ನಾನು ಬೈಯುವುದಿಲ್ಲ. ಆ ವಯಸ್ಸಿಗಾಗಿ ಕಾದು ಕೂತಿರುವವರನ್ನು ಬೈಯುತ್ತೇನೆ.

ದಂಡು ಹೊರಟಿತು. ಹೆಂಗಸರು ಹೊಸಿಲ ಮೇಲೆ ನಿಂತು ಎಂದಿನಂತೆ ‘ಹೋಗಿ ಬಾ’ ಅಂದರು. ಬಾಗಿಲು ತೆರೆಯಿತು. ಗಂಡಸರು ಗುಡ್ಡ ಬಳಸಿ ಆಚೆ ಊರಿನ ಹೊಲಕ್ಕೆ ಇಳಿದು ಈಟಿ ಎತ್ತುವಷ್ಟರಲ್ಲಿ ಹೊತ್ತು ಮುಳುಗಿತು, ಎಲ್ಲರ ಕಾಲೂ ಒಟ್ಟಿಗೆ ತಿರುಗಿತು. ಊಟದ ಹೊತ್ತಿಗೆ ಮನೆಯಲ್ಲಿದ್ದರು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಆಚೆಯವರು ಇದೇನೋ ಹರಕೆಯ ಮೆರವಣಿಗೆ ಎಂದುಕೊಂಡು ಮಜ್ಜಿಗೆ ಕೊಟ್ಟರಂತೆ. ಕುಡಿದವರು ಮನೆಗೆ ಬಂದು, ಒಗ್ಗರಣೆ ಚೆನ್ನಾಗಿತ್ತು ಅಂದರಂತೆ.

ಹಾಗೇ ಬಿಟ್ಟಿದ್ದರೆ ಆ ಯುದ್ಧ ಮಜ್ಜಿಗೆಯಲ್ಲಿ ಮುಗಿಯುತ್ತಿತ್ತು. ಬಿಡಲಿಲ್ಲ. ಶಾಸ್ತ್ರದವನು ತಪ್ಪನ್ನು ಕಂಡುಹಿಡಿದ.

“ತಪ್ಪು ಈಟಿಯದಲ್ಲ, ಹೊಸಿಲಿನದು. ಹೆಂಗಸರು ‘ಬಾ’ ಅಂತಾರೆ, ಗಂಡಸರ ಕಾಲು ಕೆಡ್ತದೆ. ಇನ್ನು ಮೇಲೆ ಬರೀ ‘ಹೋಗು’ ಅನ್ನಲಿ.”

ಮುದುಕ ಮಾತ್ರ ಎದ್ದ. “ಬದುಕಿರೋ ಮಕ್ಕಳಿಗೆ ಆ ಮಾತಾ?”

“ಅದು ಸಾವಿನ ಮಾತಾಗಿತ್ತು,” ಎಂದ ಶಾಸ್ತ್ರದವನು. “ಇವತ್ತಿಂದ ವೀರರ ಮಾತು.”

ಮುದುಕ ಆಮೇಲೆ ಚಾವಡಿಯ ಹತ್ತಿರ ಕಾಣಲಿಲ್ಲ. ಎಲ್ಲಿಯೂ ಕಾಣಲಿಲ್ಲ.

‘ಬಾ’ ಎನ್ನುವುದು ದ್ರೋಹವೆಂದು ಡಂಗುರ ಬಿತ್ತು. ‘ಬನ್ನಿ’ಯೂ ದ್ರೋಹ, ‘ಬರ್ತೀನಿ’ಯೂ ದ್ರೋಹ. ಅಪ್ಪಣೆ ಹೊತ್ತು ತಿರುಗುವ ಆಳುಗಳಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ತಿಳಿಯದವರು ಯಾವಾಗಲೂ ಹೆಚ್ಚು ಮಾಡುತ್ತಾರೆ, ಕಡಿಮೆ ಮಾಡುವುದಿಲ್ಲ. ‘ಬಾವಿಗೆ ಹೊರಟೆ’ ಅಂದವಳನ್ನು ಹಿಡಿದರು, ಅದರಲ್ಲೂ ‘ಬಾ’ ಇದೆಯಲ್ಲ! ಅಂದಿನಿಂದ ಜನ ‘ವಿ’ಯಿಂದ ನೀರು ಸೇದಿದರು, ‘ಗಿಲು’ ಹಾಕಿಕೊಂಡರು, ‘ಳೆ’ ಎಲೆಯಲ್ಲಿ ಉಂಡು ‘ಯಿ’ ತೊಳೆದರು. ದಂಡಿನವರು ‘ಣ’ ಹೂಡುವುದನ್ನು ಕಲಿತರು. ಡಂಗುರದವನು ಎಲ್ಲ ಮನೆಗಳ ಮೇಲೂ ‘ವುಟ’ ಹಾರಿಸಬೇಕೆಂದು ಸಾರಿದಾಗ ಯಾರಿಗೂ ನಗು ಬರಲಿಲ್ಲ. ಬಾಳು ಎಂಬ ಮಾತಿನಲ್ಲಿ ‘ಬಾ’ ತೆಗೆದರೆ ಏನೂ ಉಳಿಯುವುದಿಲ್ಲ, ಹಾಗಾಗಿ ಅದನ್ನು ಆಡುವುದನ್ನೇ ಬಿಟ್ಟರು.

ತಾಯಂದಿರು ಮಕ್ಕಳನ್ನು ‘ಊಟಕ್ಕೆ ಹೋಗೋ’ ಎಂದು ಕರೆದರು, ಮಕ್ಕಳು ಬೀದಿಗೆ ಹೋದವು. ಕರೆಯುವವರಿಲ್ಲದೆ ಹಸುಗಳು ಗೋಮಾಳದಲ್ಲೇ ಉಳಿದವು. ನಂಟರು ಬಾಗಿಲ ಹೊರಗೆ ಕಾದು ಕಾದು ವಾಪಸಾದರು. ಹೋಗುವವರೇ ಎಲ್ಲ, ಬರುವವರಿಲ್ಲ. ಊರು ತೂತು ಬಿದ್ದ ಕೊಡದ ಹಾಗೆ ಸೋರುತ್ತಿತ್ತು.

ಚಾವಡಿಯವರು ಕಲ್ಲುಕುಟಿಗರನ್ನು ಕರೆಸಿ, ಹೊರಡುವ ಪ್ರತಿಯೊಬ್ಬನ ಹೆಸರಿಗೂ ವೀರಗಲ್ಲು ಕೆತ್ತಿಸಿದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ. ಇವರು ಸಾಯುವ ಮುನ್ನ ಕಲ್ಲು ನಿಲ್ಲಿಸಿದರು. ಚಾವಡಿಯವರ ಸ್ವಂತ ಮಕ್ಕಳ ಹೆಸರಿಗೆ ಮಾತ್ರ ಕಲ್ಲಿರಲಿಲ್ಲ. ಒಬ್ಬನಿಗೆ ಹಲ್ಲುನೋವು, ಒಬ್ಬನಿಗೆ ಮದುವೆಯ ಮಾತುಕತೆ, ದೊರೆಯ ಮಗನಿಗೆ ಬಿಸಿಲು ಆಗಿಬರುತ್ತಿರಲಿಲ್ಲ. ಬಿಸಿಲು ಆಗಿಬರದವನಿಗಲ್ಲದೆ ಇನ್ಯಾರಿಗೆ ಬೇಕಿತ್ತು ಆ ನೆರಳು? ಅವನೇ ಹೋಗಿ ತರಬಹುದಿತ್ತಲ್ಲ ಎಂದು ಒಬ್ಬರಾದರೂ ಕೇಳಲಿಲ್ಲ. ಇದನ್ನು ನೆನೆದರೆ ನನ್ನ ಹಲ್ಲು ಈಗಲೂ ಕಟಕಟ ಅನ್ನುತ್ತದೆ.

ಕಳಿಸುವ ದಿನ ಬಂತು. ಹೊಸಿಲು ಹೊಸಿಲಿಗೂ ಒಬ್ಬ ಆಳು ನಿಂತು ಕಿವಿಗೊಟ್ಟ. ಅಕ್ಕನ ಎದುರುಮನೆಯವಳಿಗೆ ಒಬ್ಬನೇ ಮಗ, ತಮ್ಮನ ಓರಗೆಯವನು. ಚಿಕ್ಕಂದಿನಿಂದ ಇಬ್ಬರೂ ಅಕ್ಕನ ಒಲೆಯ ಮುಂದೆಯೇ ಉಂಡು ಬೆಳೆದವರು. ಎದುರುಮನೆಯವಳು ಮಗನ ಹಣೆಗೆ ಕುಂಕುಮವಿಟ್ಟು, ಬೀದಿಯವರೆಲ್ಲ ನೋಡುತ್ತಿದ್ದಾರೆಯೇ ಎಂದು ಒಮ್ಮೆ ನೋಡಿ, “ಹೋಗು!” ಎಂದು ಡಂಗುರಕ್ಕಿಂತ ಜೋರಾಗಿ ಕೂಗಿದಳು. ಬೀದಿ ಜಯಕಾರ ಹಾಕಿತು.

ತಮ್ಮ ಅಂಗಳದಲ್ಲಿ ಈಟಿ ಹಿಡಿದು ನಿಂತಿದ್ದ. ಅಕ್ಕ ಹೊಸಿಲ ಮೇಲೆ ನಿಂತಿದ್ದಳು.

“ಹೇಳು ಅಕ್ಕಾ.”

“ಬಾ,” ಎಂದಳು ಅಕ್ಕ.

ಆಳು ಬೆಚ್ಚಿದ. ತಮ್ಮನ ಮುಖ ಕೆಂಪಾಯಿತು. “ಎಲ್ಲರೂ ನೋಡ್ತಿದ್ದಾರೆ. ಆ ಮಾತು ಬೇಡ. ಇನ್ನೊಂದು ಮಾತು ಹೇಳು.”

“ನಿನ್ನ ಹಾಲುಹಲ್ಲು ಬಿದ್ದಾಗ ಸೂರಿನ ಮೇಲೆ ಎಸೆದವಳು ನಾನು. ಆ ಮಾತನ್ನ ನಾನು ನಿನ್ನ ಹೆಣಕ್ಕೂ ಹೇಳಲ್ಲ. ಬಾ ಒಳಗೆ. ಅನ್ನ ಆರ್ತದೆ.”

“ನನ್ನ ಮಾನ ತೆಗೆದೆಯಲ್ಲೇ,” ಎಂದು ತಮ್ಮ ಕಿರುಚಿದ. ಅವನ ಕಣ್ಣಲ್ಲಿ ನೀರಿತ್ತು.

ಹೀಗೆ ಹಟ ಹಿಡಿಯುವ ಮನೆಗಳಿಗೆಂದು ಚಾವಡಿಯವರು ಸಂಬಳ ಕೊಟ್ಟು ಒಬ್ಬನನ್ನು ಇಟ್ಟಿದ್ದರು. ಹೇಳುವವನು ಎಂದು ಅವನಿಗೆ ಹೆಸರು. ಯಾರ ಮಗನಿಗೆ ಬೇಕಾದರೂ ಅವನು ಆ ಮಾತು ಹೇಳಬಹುದಿತ್ತು. ಅವನಿಗೇನು, ಹೊಸಿಲಿಲ್ಲ, ತೊಳೆಯುವ ಕೆಲಸವಿಲ್ಲ. ಅವನು ಎಲೆಯಡಿಕೆ ಅಗಿಯುತ್ತಲೇ ಬಂದು, ರಸ ಉಗುಳಿ, “ಹೋಗು,” ಎಂದ. ದೂರದಲ್ಲಿ ಕೋಟೆ ಬಾಗಿಲು ತೆರೆದ ಸದ್ದಾಯಿತು. ತಮ್ಮ ಹಿಂದಿರುಗಿ ನೋಡದೆ ನಡೆದ. ಅಕ್ಕ ಅವನ ಬೆನ್ನಿಗೆ “ಬಾ” ಎಂದಳು, ಅವನು ತಿರುವಿನಲ್ಲಿ ಮರೆಯಾಗುವ ತನಕ ಅನ್ನುತ್ತಲೇ ಇದ್ದಳು.

ಆಮೇಲೆ ಅವಳ ಮನೆಗೆ ಯಾರೂ ಬೆಂಕಿ ಕೊಡಲಿಲ್ಲ. ಬಾವಿಯ ಹಗ್ಗ ಮುಟ್ಟಗೊಡಲಿಲ್ಲ. ಅವಳ ಚಾಪೆಯ ಮೇಲೆ ಮಲಗಿದ್ದವರು ನೆಲದ ಮೇಲೆ ಮಲಗಿದರು. ಎದುರುಮನೆಯವಳು ದಿನವೂ ಒಲೆಯ ಬೂದಿ ತಂದು ಅವಳ ಹೊಸಿಲಿಗೆ ಸುರಿದಳು. “ವೀರನ ತಾಯಿ ನಾನು, ದ್ರೋಹಿಯ ಮುಖ ನೋಡೋ ಕರ್ಮ,” ಎಂದಳು. ಅಕ್ಕ ಬೂದಿ ಗುಡಿಸಿದಳು. ಸಂಜೆಯಾಗುತ್ತಲೇ ಕೋಟೆ ಬಾಗಿಲಿಗೆ ಹೋಗಿ, ಯಾರೂ ಇಲ್ಲದ ಆಚೆ ಬಯಲಿಗೆ “ತಮ್ಮಾ, ಬಾ,” ಎಂದು ಕರೆದಳು. ಆಳುಗಳು ಹೊಡೆದರು. ತುಟಿ ಒಡೆಯಿತು. ಒಡೆದ ತುಟಿಯಲ್ಲೇ ಕರೆದಳು. ಬಿಸಿಲಿನವರು ಅನಿಸಿಕೊಂಡಿದ್ದವರು ಕಿಟಕಿಯ ಸಂದಿನಿಂದ ನೋಡಿ, ಅಯ್ಯೋ ಪಾಪ ಅಂದರು, ಕಿಟಕಿ ಹಾಕಿಕೊಂಡರು. ಅವರ ಮೇಲೆ ನನಗಿರುವ ಸಿಟ್ಟು ನೆರಳಿನವರ ಮೇಲಿರುವುದಕ್ಕಿಂತ ಕಡಿಮೆಯಲ್ಲ.

ಒಂದು ಮಧ್ಯಾಹ್ನ ದಂಡು ಮರಳಿತು. ಅದನ್ನು ದಂಡು ಎನ್ನಲು ಬಾಯಿ ಬರುವುದಿಲ್ಲ. ಹೋದವರಲ್ಲಿ ಬೆರಳೆಣಿಕೆಯಷ್ಟು ಜನ, ಒಬ್ಬರ ಹೆಗಲಿಗೆ ಇನ್ನೊಬ್ಬರು ಆತುಕೊಂಡು ಬಂದು ಕೋಟೆಯ ಮುಂದೆ ಕುಸಿದು ಕೂತರು. ಗೆದ್ದಿದ್ದರು. ಆಚೆ ಊರಿನ ಹೊಲಗಳಲ್ಲಿ ಈಗ ನೆರಳಿನಲ್ಲಿ ಕೂರುವವರು ಯಾರೂ ಇರಲಿಲ್ಲ.

ಬಾಗಿಲು ತೆರೆಯಲಿಲ್ಲ. ದೊರೆ ಗೋಡೆಯ ಮೇಲೆ ಹತ್ತಿ ನಿಂತ.

“ನೀವು ಅಮರರು!” ಎಂದು ಕೆಳಗೆ ನೋಡಿ ಹೇಳಿದ. “ನಿಮಗೆ ಹೇಳಬೇಕಾದ ಮಾತು ಹೇಳಿಯಾಗಿದೆ, ಹೊಸಿಲು ತೊಳೆದಾಗಿದೆ, ಕಲ್ಲು ನಿಲ್ಲಿಸಿಯಾಗಿದೆ. ನಿಮ್ಮ ಕಲ್ಲುಗಳಿಗೆ ನಾನೇ ಕೈಯಾರೆ ಎಣ್ಣೆ ಹಚ್ಚಿದ್ದೇನೆ. ಈಗ ಒಳಗೆ ಕಾಲಿಟ್ಟು ನಿಮ್ಮ ಕೀರ್ತಿಗೆ ಮಸಿ ಬಳಿಯಬೇಡಿ.”

“ಹಸಿವು, ಬುದ್ಧಿ,” ಎಂದ ಕೆಳಗಿದ್ದ ಒಬ್ಬ.

ತಾಯಂದಿರು ಓಡಿ ಬಂದರು. ಬಾಗಿಲ ಸಂದಿನಲ್ಲಿ ತಮ್ಮ ತಮ್ಮ ಮಕ್ಕಳನ್ನು ಕಂಡರು. ಆಗ ಅವರಿಗೆ ಶಾಸ್ತ್ರವೂ ಬೇಡವಾಯಿತು, ದೊರೆಯೂ ಬೇಡವಾದ. ಕರೆಯಲು ಬಾಯಿ ತೆರೆದರು. ಆದರೆ ಆ ಮಾತು ಬರಲಿಲ್ಲ. ಅದನ್ನು ಹಾರಿಸಿ ಹಾರಿಸಿ ನಾಲಗೆಗೆ ಅದೇ ರೂಢಿಯಾಗಿತ್ತು. ‘ಮಗನೇ’ ಅನ್ನುತ್ತಿದ್ದರು, ಆಮೇಲೆ ‘ಆ, ಆ’ ಎಂದು ಬಾಯಿ ಬಿಡುತ್ತಿದ್ದರು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದಿದ್ದರೂ ಹೋಗುತ್ತದೆ.

ಅಕ್ಕ ಜನರನ್ನು ಸೀಳಿಕೊಂಡು ಬಂದು ಸಂದಿನಲ್ಲಿ ಕಣ್ಣಿಟ್ಟಳು. ಎಲ್ಲ ಮುಖಗಳನ್ನೂ ನೋಡಿದಳು. ಮತ್ತೊಮ್ಮೆ ನೋಡಿದಳು.

“ನನ್ನ ತಮ್ಮ ಎಲ್ಲಿ?”

ಎದುರುಮನೆಯ ಮಗ ತೆವಳಿಕೊಂಡು ಬಾಗಿಲ ಹತ್ತಿರ ಬಂದ. “ಮೊದಲ ದಿನವೇ ಅಕ್ಕಾ. ಹೊತ್ತು ಮುಳುಗೋವಾಗ ಅವನ ಕಾಲು ಊರ ಕಡೆ ತಿರುಗಿತು. ಅವನಿಗೇ ಗೊತ್ತಾಗಲಿಲ್ಲ. ನಮ್ಮದ್ಯಾರದ್ದೂ ತಿರುಗಲಿಲ್ಲ, ಅವನದೊಂದೇ. ತಿರುಗಿದವನ ಬೆನ್ನಿಗೆ ಹೊಡೀರಿ ಅಂತ ದೊರೆಯ ಅಪ್ಪಣೆ ಇತ್ತು.”

“ಯಾರ ಈಟಿ?”

ಅವನು ತಲೆ ಎತ್ತಲಿಲ್ಲ. “ಪಕ್ಕದಲ್ಲಿದ್ದವನು ನಾನೇ.”

ಅಕ್ಕ ಬಾಗಿಲಿಗೆ ಹಣೆ ಆನಿಸಿ ನಿಂತಳು. ತನ್ನ ಮಾತೇ ಅವನ ಕಾಲು ತಿರುಗಿಸಿತೆಂದು ಅವಳಿಗೆ ತಿಳಿಯಿತು. ತಪ್ಪು ಅವಳದೇ ಎಂದು ನೆರಳಿನವರು ಇವತ್ತಿಗೂ ಹೇಳುತ್ತಾರೆ. ನಾನು ಹೇಳುತ್ತೇನೆ, ಮನೆಗೆ ತಿರುಗಿದ್ದು ತಪ್ಪಲ್ಲ. ಮನೆಗೆ ತಿರುಗಿದ ಬೆನ್ನಿಗೆ ಚುಚ್ಚಿ ಎಂದವನ ನಾಲಗೆಗೆ ಹುಳ ಬೀಳಲಿ.

ಅಕ್ಕ ಹಣೆ ಎತ್ತಿದಳು. ಸಂದಿನಿಂದ ಕಾಣುತ್ತಿದ್ದ ಮೊದಲ ಮುಖವನ್ನು ನೋಡಿ ಕರೆದಳು.

“ತಮ್ಮಾ, ಬಾ.”

ಬಾಗಿಲು ತೆರೆಯಿತು. ಅವನು ಒಳಗೆ ಬಂದ. ಅವಳ ತಮ್ಮನಾಗಿಯೇ ಬಂದ. ಅವನ ಹೆತ್ತ ತಾಯಿ ಕೈ ಚಾಚಿದಾಗ, “ಸ್ವಲ್ಪ ದಾರಿ ಬಿಡಿ ತಾಯಿ, ಅಕ್ಕ ಕರೀತಿದ್ದಾಳೆ,” ಎಂದು ಪಕ್ಕಕ್ಕೆ ಸರಿದ. ತನ್ನ ಕಲ್ಲಿನ ಮುಂದೆ, ತನ್ನ ಮನೆಯ ಮುಂದೆ ಹಾದು ಅಕ್ಕನ ಮನೆಯ ಅಂಗಳಕ್ಕೆ ಹೋಗಿ ಕೂತ. ಅಕ್ಕ ಮತ್ತೊಬ್ಬನನ್ನು ಕರೆದಳು. ಅವನೂ ಬಂದ, ಅವನೂ ತಾಯಿಯನ್ನು ಗುರುತಿಸದೆ ನಡೆದ. ಕರೆದಳು, ಬಂದರು. ಕರೆದಳು, ಬಂದರು. ಒಬ್ಬೊಬ್ಬನು ಒಳಗೆ ಬಂದಾಗಲೂ ಒಬ್ಬೊಬ್ಬ ತಾಯಿ ನೆಲಕ್ಕೆ ಕುಸಿದಳು.

ಎದುರುಮನೆಯ ಮಗ ಒಬ್ಬನೇ ಹೊರಗೆ ಉಳಿದ.

“ಯಾರ ಅಪ್ಪಣೆ?” ಎಂದು ದೊರೆ ಗೋಡೆಯ ಮೇಲಿಂದ ಅಬ್ಬರಿಸಿದ. “ಯಾರ ಅಪ್ಪಣೆಯ ಮೇಲೆ ಇವರು ಒಳಗೆ?”

ಅಕ್ಕ ತಲೆ ಎತ್ತಿ ಅವನನ್ನು ನೋಡಿದಳು.

“ಹೋಗು,” ಎಂದಳು.

ಆ ಮಾತನ್ನು ಊರು ಎಷ್ಟೋ ಸಲ ಕೂಗಿತ್ತು. ಅದರ ಹಳೆಯ ಅರ್ಥದಲ್ಲಿ ಕೇಳಿ ಬಹಳ ದಿನವಾಗಿತ್ತು. ದೊರೆಯ ಪಕ್ಕದಲ್ಲಿದ್ದವರು ಮೈಲಿಗೆ ತಗುಲಿದವರಂತೆ ಸರಿದು ನಿಂತರು. ಕೆಳಗಿದ್ದ ಒಬ್ಬ ಹೆಂಗಸು ಅಭ್ಯಾಸಬಲದಿಂದ ಅವನು ಹತ್ತಿದ ಮೆಟ್ಟಿಲಿಗೆ ನೀರು ಸುರಿದಳು. ದೊರೆ ಬಾಯಿ ಆಡಿಸುತ್ತಲೇ ಇದ್ದ. ಯಾರೂ ಕೇಳಿಸಿಕೊಳ್ಳಲಿಲ್ಲ. ಹೆಣ ಆಡಿದ ಮಾತನ್ನು ಕೇಳುವುದುಂಟೇ?

ಎದುರುಮನೆಯವಳು ಬಂದು ಅಕ್ಕನ ಕಾಲು ಹಿಡಿದಳು. “ಅವನನ್ನೂ ಕರಿ ತಾಯೀ. ನನ್ನ ‘ಯಿ’ ಬಿದ್ದುಹೋಗಿದೆ. ನಿನ್ನ ಮನೆಯವನೇ ಆಗಲಿ, ನನ್ನನ್ನ ಮರೀಲಿ. ಕರಿ.”

“ಕರೆಯಲ್ಲ,” ಎಂದಳು ಅಕ್ಕ. “ಅವನನ್ನ ತಮ್ಮ ಅಂದ್ರೆ ನನ್ನ ನಾಲಗೆ ಸೀಳ್ತದೆ. ನನ್ನ ಕೈತುತ್ತು ತಿಂದವನು, ನನ್ನ ತಮ್ಮನ ಬೆನ್ನು ಯಾವುದು ಅಂತ ಅವನಿಗೆ ಗೊತ್ತಿರಲಿಲ್ವಾ?”

ಹೊರಗಿದ್ದವನು ಬಾಗಿಲಿಗೆ ಆತುಕೊಂಡು ಮೆಲ್ಲಗೆ ಉಸಿರಾಡುತ್ತಿದ್ದ. ಆ ಉಸಿರು ಒಳಗೆ ಕೇಳುತ್ತಿತ್ತು.

ಅಕ್ಕ ನಾಲ್ಕು ಹೆಜ್ಜೆ ಹೋದಳು. ನಿಂತಳು. ವಾಪಸ್ಸು ಬಂದು ಎದುರುಮನೆಯವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಗಲ್ಲವನ್ನು ಒರಟಾಗಿ ಹಿಡಿದು ಎತ್ತಿದಳು.

“ಕಳಿಸಿದವಳು ನೀನು. ಕರೆಯೋಳೂ ನೀನೇ. ಮಗ ಅನ್ನು.”

“ಮಗ.”

“ತುಟಿ ಕೂಡ್ತಲ್ಲ? ಹಾಗೇ ಕೂಡಿಸಿ, ಬಿಡು.”

“ಆ,” ಎಂದಳು ಎದುರುಮನೆಯವಳು.

ಅಕ್ಕ ಎರಡು ಬೆರಳಿನಲ್ಲಿ ಅವಳ ತುಟಿಗಳನ್ನು ಹಿಡಿದು ಕೂಡಿಸಿ ಒತ್ತಿದಳು. ನೋವಾಗುವಷ್ಟು ಒತ್ತಿದಳು. ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

“ಇನ್ನೊಂದು ಸಲ,” ಎಂದಳು.